ಬೆಳಗಾವಿ ಕಿಲ್ಲಾ: ಇನ್ನೂ ನಿವೃತ್ತಿ ಆಗದ ಕೋಟೆ

ನಮ್ಮ ಕಡೆ ಕೋಟೆ ನೋಡೋದು ಅಂದರೆ ಗುಡ್ಡ ಹತ್ತಬೇಕು, ಬೆವರು ಸುರಿಸಬೇಕು. ಬೆಳಗಾವಿಯಲ್ಲಿ ಆ ತಾಪತ್ರಯ ಇಲ್ಲ. ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗಬಹುದು. ಮೊದಲು ಕೋಟೆ ಕೆರೆ ಸಿಗುತ್ತದೆ. ಅಲ್ಲಿ 110 ಮೀಟರ್ ಎತ್ತರದ ಧ್ವಜಸ್ತಂಭ ನಿಲ್ಲಿಸಿದ್ದಾರೆ. ಊರಿಗೆ ಹೊಸಬರಾದರೂ ದಾರಿ ತಪ್ಪೋ ಮಾತಿಲ್ಲ. ಅದರ ಆಚೆಗೆ ಕಂದಕ, ಕಂದಕದ ಆಚೆ ಗೋಡೆ.

ಹೆಚ್ಚಿನವರು ನೇರ ಹೆಬ್ಬಾಗಿಲಿಗೆ ನುಗ್ಗಿಬಿಡುತ್ತಾರೆ. ನನ್ನ ಕೇಳಿದರೆ, ಮೊದಲು ಕಂದಕದ ಅಂಚಿನಲ್ಲಿ ಸುಮ್ನೆ ಒಂದಷ್ಟು ದೂರ ನಡೆಯಿರಿ. ಈ ಕೋಟೆಯ ಜೀವ ಇರೋದೇ ಅಲ್ಲಿ. ಇದು ಬಯಲುನೆಲದ ಕೋಟೆ. ಕಾಯೋಕೆ ಬೆಟ್ಟವೂ ಇಲ್ಲ, ಹೊಳೆಯೂ ಇಲ್ಲ. ಹಾಗಾಗಿ ನೆಲವನ್ನೇ ಆಳಕ್ಕೆ ಅಗೆದು, ಸುತ್ತಲೂ ನೀರು ನಿಲ್ಲಿಸಿದರು. ಬೆಳಗಾವಿ ಮಳೆ ಗೊತ್ತಲ್ವಾ, ನೀರಿಗೇನು ಬರ! ನಾವು ಹೋದಾಗ ಕಂದಕದ ತುಂಬ ಜೊಂಡು, ಕಳೆ, ಅಲ್ಲಲ್ಲಿ ತೇಲುವ ಪ್ಲಾಸ್ಟಿಕ್ ಬಾಟಲಿ. ಆದರೂ ಆ ಅಗಲ, ಆ ಆಳ ನೋಡಿದರೆ ದಾಟೋದು ಹುಡುಗಾಟ ಅಲ್ಲ ಅನ್ನೋದು ತಿಳಿಯುತ್ತದೆ.

ಬಹಮನಿ ಸುಲ್ತಾನ ಮೂರನೇ ಮುಹಮ್ಮದ್ ಶಾ ಮತ್ತು ಅವನ ಮಂತ್ರಿ ಮಹಮೂದ್ ಗವಾನ್ 1473ರ ಸುಮಾರಿಗೆ ಇಲ್ಲಿಗೆ ದಂಡೆತ್ತಿ ಬಂದಾಗ ಅವರಿಗೂ ತಲೆನೋವಾಗಿದ್ದು ಇದೇ ಕಂದಕ. ಮುಂದೆ ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಕೂತು ಇತಿಹಾಸ ಬರೆದ ಫಿರಿಶ್ತಾ ಈ ಮುತ್ತಿಗೆಯನ್ನು ವಿವರವಾಗಿ ಹೇಳುತ್ತಾನೆ. ಹಗಲು ಸುಲ್ತಾನನ ಕಡೆಯವರು ಕಂದಕಕ್ಕೆ ಕಟ್ಟಿಗೆ, ಮಣ್ಣು ಸುರಿಯೋದು. ರಾತ್ರಿ ಕೋಟೆಯವರು ಇಳಿದು ಬಂದು ಅದನ್ನೆಲ್ಲ ಎತ್ತಿ ಹಾಕೋದು! ಹೀಗಾದರೆ ಆಗೋದಿಲ್ಲ ಅಂತ ಗವಾನ್‌ನ ಜನ ಗೋಡೆಯ ಬುಡದವರೆಗೆ ಸುರಂಗ ಕೊರೆದು, ಮದ್ದು ತುಂಬಿ ಸಿಡಿಸಿದರು. ದಖ್ಖನ್ನಿನ ಮಟ್ಟಿಗೆ ಆಗ ಅದು ಹೊಸ ವಿದ್ಯೆ. ಗೋಡೆ ಬಿರಿಯಿತು, ಕೋಟೆ ಕೈಬಿಟ್ಟಿತು. ಎದುರಾಳಿಯ ತಂತ್ರ ಹೊಸದಾದಾಗ ಕೋಟೆಯವರ ಧೈರ್ಯ ಒಂದೇ ಏನು ಮಾಡೀತು?

ಹೆಬ್ಬಾಗಿಲ ಬಳಿಯೇ ಗಣಪತಿ, ದುರ್ಗಾದೇವಿ ಗುಡಿಗಳಿವೆ. ಕೈಮುಗಿದು ಒಳಗೆ ಹೋದರೆ ಹಾಳು ಕೋಟೆ ಸಿಗೋದಿಲ್ಲ, ಬದಲಿಗೆ ಒಂದು ಬಡಾವಣೆಯೇ ಸಿಗುತ್ತದೆ. ಡಾಂಬರು ರಸ್ತೆ, ದೊಡ್ಡ ಮರಗಳು, ಬೈಕಿನಲ್ಲಿ ಕೆಲಸಕ್ಕೆ ಹೋಗುವವರು. ಟಿಕೆಟ್ ಕೌಂಟರ್, ಗೈಡು ಅಂತ ಹುಡುಕಬೇಡಿ.

ಆಗ ಈ ಸೀಮೆ ಆಳುತ್ತಿದ್ದ ರಟ್ಟ ಅರಸರ ಅಧಿಕಾರಿ ಬೀಚಿರಾಜ 13ನೇ ಶತಮಾನದ ಶುರುವಿನಲ್ಲಿ ಈ ಕೋಟೆ ಕಟ್ಟಿಸಿದ ಅಂತ ಹೇಳುತ್ತಾರೆ. ಅವನ ದೊರೆ ನಾಲ್ಕನೇ ಕಾರ್ತವೀರ್ಯ. ಸವದತ್ತಿಯಿಂದ ರಾಜಧಾನಿ ಇಲ್ಲಿಗೆ ಬಂದದ್ದೂ ಆ ಸುಮಾರಿಗೇ. ಆಗಿನ ಕಮಲ ಬಸದಿ ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಒಳಗೆ ಕಪ್ಪು ಕಲ್ಲಿನ ನೇಮಿನಾಥ, ಜೈನರ ತೀರ್ಥಂಕರ. ಆದರೆ ಕಣ್ಣು ಹೋಗೋದು ಮೇಲಕ್ಕೆ. ಮಂಟಪದ ಚಾವಣಿಯಿಂದ ಒಂದು ಕಲ್ಲಿನ ಕಮಲ ತಲೆಕೆಳಗಾಗಿ ಇಳಿದಿದೆ. ಒಂದರೊಳಗೊಂದು ಸುತ್ತು, ಸುತ್ತಿನ ತುಂಬ ದಳ. ದಳಗಳಲ್ಲಿ ಭೂತ, ವರ್ತಮಾನ, ಭವಿಷ್ಯದ 72 ತೀರ್ಥಂಕರರು ಇದ್ದಾರಂತೆ. ಎಣಿಸೋಕೆ ಹೋದರೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಕಂಬಗಳನ್ನು ಎಷ್ಟು ನಯ ಮಾಡಿದ್ದಾರೆ ಅಂದರೆ ಬಾಗಿಲ ಬೆಳಕು ಅವುಗಳ ಮೇಲೆ ಗೆರೆಯಾಗಿ ಹೊಳೆಯುತ್ತಿತ್ತು. ಬೀಚಿರಾಜನ ಬಸದಿಗೆ ದತ್ತಿ ಕೊಟ್ಟದ್ದನ್ನು ಹೇಳುವ 1204ರ ಎರಡು ಶಾಸನಗಳು ಮಾತ್ರ ಊರಲ್ಲಿಲ್ಲ. ಅವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿಬಿಟ್ಟಿವೆ. ನಮ್ಮೂರ ಕಲ್ಲು ಓದೋಕೆ ವೀಸಾ ಬೇಕು ಅಂದರೆ ಹೊಟ್ಟೆ ಉರಿಯದೇ ಇರುತ್ತಾ?

1519ರಲ್ಲಿ ಅಸದ್ ಖಾನ್ ಕಟ್ಟಿಸಿದ ಸಫಾ ಮಸೀದಿಯೂ ಕೋಟೆಯೊಳಗೇ ಇದೆ. ಆದಿಲ್‌ಶಾಹಿ ಕಾಲದಲ್ಲಿ ಬೆಳಗಾವಿ ಅಂದರೆ ಅಸದ್ ಖಾನ್ ಅನ್ನುವಷ್ಟು ದೊಡ್ಡ ಸರದಾರ ಅವನು. ಮುಂದೆ ಮರಾಠರ ಕೈಗೆ ಹೋದ ಕೋಟೆಯನ್ನು 1818ರಲ್ಲಿ ಬ್ರಿಟಿಷರ ದಂಡನಾಯಕ ಥಾಮಸ್ ಮನ್ರೋ ಮುತ್ತಿದ. ಮಾರ್ಚ್ 20ಕ್ಕೆ ಶುರುವಾದ ಮುತ್ತಿಗೆ ಏಪ್ರಿಲ್ 10ಕ್ಕೆ ಮುಗಿಯಿತು. ಅಲ್ಲಿಂದ ಇದು ಬ್ರಿಟಿಷರ ದಂಡಿನ ಊರು. 1922ರಲ್ಲಿ ಬೆಳಗಾವಿಗೆ ಬಂದ ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರ ಇವತ್ತಿಗೂ ಊರಲ್ಲೇ ಇದೆ. ಕೋಟೆಯ ಒಂದಷ್ಟು ಜಾಗ ಈಗಲೂ ಸೇನೆಯ ಕೈಯಲ್ಲಿದೆ. ಬೋರ್ಡ್ ಕಂಡ ಕಡೆ ನಿಲ್ಲಿ, ಮೊಬೈಲ್ ಜೇಬಿಗೆ ಹಾಕಿ. ಕಾವಲಿನ ಜವಾನನ ಹತ್ತಿರ ವಾದ ಮಾಡಿ ಉಪಯೋಗ ಇಲ್ಲ. ಇಂಥ ಕಟ್ಟುಪಾಡಿನಿಂದ ನಮ್ಮಂಥ ಪ್ರವಾಸಿಗರಿಗೆ ಸ್ವಲ್ಪ ಬೇಜಾರಾಗುತ್ತದೆ, ನಿಜ. ಆದರೆ ಬೇರೆ ಕೋಟೆಗಳ ಗೋಡೆ ತುಂಬ ಕೆತ್ತಿರುವ ಪ್ರೇಮಿಗಳ ಹೆಸರು ನೆನೆಸಿಕೊಂಡರೆ, ಕಾವಲು ಇರೋದೇ ವಾಸಿ ಅನ್ನಿಸಿತು.

ಕೋಟೆಯೊಳಗಿನ ರಾಮಕೃಷ್ಣ ಆಶ್ರಮದಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ. 1892ರ ಅಕ್ಟೋಬರಿನಲ್ಲಿ ಊರೂರು ಅಲೆಯುತ್ತಿದ್ದ ವಿವೇಕಾನಂದರು ಇಲ್ಲಿ ಹರಿಪದ ಮಿತ್ರ ಅನ್ನುವ ಅರಣ್ಯಾಧಿಕಾರಿಯ ಮನೆಯಲ್ಲಿ ಉಳಿದಿದ್ದರು. ಹರಿಪದರಿಗೆ ಸನ್ಯಾಸಿಗಳೆಂದರೆ ಅಷ್ಟಕ್ಕಷ್ಟೇ. ಕೊನೆಗೆ ಗಂಡ ಹೆಂಡತಿ ಇಬ್ಬರೂ ಸ್ವಾಮೀಜಿಯಿಂದ ದೀಕ್ಷೆ ತಗೊಂಡರು. ಆ ಮನೆಯನ್ನೇ ಈಗ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ.

ಸಮಯ ಇದ್ದರೆ ಕೋಟೆ ಮುಗಿಸಿ ಕ್ಯಾಂಪ್, ಅಂದರೆ ದಂಡು ಪ್ರದೇಶದ ಕಡೆಗೂ ಹೋಗಿ. ಅಸದ್ ಖಾನನ ಗೋರಿ ಇರೋದು ಅಲ್ಲಿ. ಆಟೋದವರಿಗೆ ದರ್ಗಾ ಅಂದರೆ ಗೊತ್ತಾಗುತ್ತದೆ. ಬಾಡಿಗೆ ಮಾತ್ರ ಹತ್ತುವ ಮೊದಲೇ ಮಾತಾಡಿಕೊಳ್ಳಿ.