ಕಾರಂಜಿಗೆ ಕಲ್ಲುಕಟ್ಟೆ: ಭಾರದ ಚಿಂತೆ ಬಿಡಿ, ಮಟ್ಟ ನೋಡಿ

ತೋಟದಲ್ಲಿ ಕಾರಂಜಿ ಬಾನಿ ಇಡಲು ಕಟ್ಟೆ ಕಟ್ಟುವಾಗ ಎಲ್ಲರಿಗೂ ಮೊದಲು ಹುಟ್ಟುವ ಅನುಮಾನ, ಇಷ್ಟು ಭಾರವನ್ನು ನೆಲ ತಡೆಯುತ್ತದೆಯೇ ಎಂಬುದು. ಲೆಕ್ಕ ಹಾಕಿ ನೋಡಿ. ಕಟ್ಟೆ 4 ಅಡಿ ಉದ್ದ, 4 ಅಡಿ ಅಗಲ, ಒಂದೂವರೆ ಅಡಿ ಎತ್ತರ ಎಂದುಕೊಳ್ಳೋಣ. ಕಲ್ಲು, ಗಾರೆ ಸೇರಿ ಅದೇ ಸುಮಾರು 1,600 ಕೆಜಿ. ಕೆಳಗಿನ ಕಾಂಕ್ರೀಟ್ ಹಾಸು 5 ಅಡಿ ಚೌಕ, 4 ಇಂಚು ದಪ್ಪ: 560 ಕೆಜಿ. 3 ಅಡಿ ಅಡ್ಡಗಲದ, 1 ಅಡಿ ಆಳದ ಬಾನಿಯಲ್ಲಿ 200 ಲೀಟರ್ ನೀರು, ಅಂದರೆ 200 ಕೆಜಿ. ಬಾನಿಯದೇ ತೂಕ ಇನ್ನೊಂದು 200 ಎನ್ನಿ. ಇಷ್ಟೆಲ್ಲ 25 ಚದರ ಅಡಿಯ ಮೇಲೆ ಹರಡಿದರೆ ಒಂದು ಚದರ ಅಡಿಗೆ ಬೀಳುವುದು ನೂರು ಕೆಜಿ, ಎರಡು ಸಿಮೆಂಟ್ ಚೀಲದಷ್ಟು. ಗಟ್ಟಿ ನೆಲಕ್ಕೆ ಅದೊಂದು ಭಾರವೇ ಅಲ್ಲ.

ಕೆಡಿಸುವುದು ಒಂದು ಕಡೆ ಮಾತ್ರ ಕುಸಿಯುವ ನೆಲ. ಬಾನಿ ತುಂಬಿ ಅಂಚಿನಿಂದ ಇಳಿಯುವ ನೀರಿನ ಪದರ ಒಂದೆರಡು ಮಿ.ಮೀ. ದಪ್ಪ ಇರುತ್ತದೆ, ಅಷ್ಟೇ. ಅಂಚು 3 ಮಿ.ಮೀ. ವಾಲಿತೋ, ನೀರೆಲ್ಲ ಒಂದೇ ಬದಿಗೆ ಸುರಿದು ಇನ್ನೊಂದು ಬದಿ ಒಣಗಿ ನಿಲ್ಲುತ್ತದೆ.

ಹಾಗಾಗಿ ತುಂಬಿಸಿದ ಮಣ್ಣಿನ ಮೇಲೆ ಕಟ್ಟಬೇಡಿ. ಬೇರು, ಗೊಬ್ಬರ ಇರುವ ಕಪ್ಪು ಮೇಲ್ಮಣ್ಣನ್ನು ಪೂರ್ತಿ ತೆಗೆದು ಗಟ್ಟಿ ನೆಲ ಸಿಗುವವರೆಗೆ ಅಗೆಯಿರಿ, ಕಡಿಮೆ ಎಂದರೂ 10 ಇಂಚು. 6 ಇಂಚು ಜಲ್ಲಿಯನ್ನು ಒಮ್ಮೆಲೇ ಸುರಿದು ಮೇಲಿನಿಂದ ದಮ್ಮಸು ಹೊಡೆದರೆ ಮೇಲಿನದಷ್ಟೇ ಬಿಗಿಯಾಗುತ್ತದೆ, ಅಡಿಯದು ಸಡಿಲವಾಗೇ ಉಳಿಯುತ್ತದೆ. ಮೂರು ಮೂರು ಇಂಚಿನ ಎರಡು ಪದರ ಮಾಡಿ ಹೊಡೆಯಿರಿ. ಅದರ ಮೇಲೆ 1:2:4ರ ಕಾಂಕ್ರೀಟ್, ಅಂದರೆ ಒಂದು ಪಾಲು ಸಿಮೆಂಟ್, ಎರಡು ಮರಳು, ನಾಲ್ಕು ಜಲ್ಲಿ. ಈ ಅಳತೆಗೆ ಒಂದೂವರೆ ಚೀಲ ಸಿಮೆಂಟ್ ಸಾಕು.

ಕಾಂಕ್ರೀಟ್ ಹಾಕುವ ಮೊದಲೇ ಪೈಪ್ ಕೂರಿಸಬೇಕು. ಮರೆತು ಆಮೇಲೆ ಕಟ್ಟೆ ಒಡೆಯುವುದು ಇಲ್ಲೇ. ಪಂಪಿನ ವೈರ್ ಹೋಗಲು 2 ಇಂಚಿನ ಪಿವಿಸಿ ಪೈಪ್ ಹಾಕಿ. ವೈರ್ ಸಣ್ಣದಿರಬಹುದು, ಅದರ ತುದಿಯ ಪ್ಲಗ್ ಒಂದು ಇಂಚಿನ ಪೈಪಿನಲ್ಲಿ ತೂರುವುದಿಲ್ಲ. ತಿರುವಿನಲ್ಲಿ 90 ಡಿಗ್ರಿಯ ಒಂದು ಎಲ್ಬೋ ಬದಲು 45ರ ಎರಡು ಬೆಂಡ್ ಹಾಕಿ, ಒಳಗೊಂದು ನೈಲಾನ್ ಹಗ್ಗ ಎಳೆದಿಟ್ಟು, ಬಾಯಿಗೆ ಬಟ್ಟೆ ತುರುಕಿ. ಇಲ್ಲದಿದ್ದರೆ ಗಾರೆ ಬಿದ್ದು ಕಟ್ಟಿಕೊಳ್ಳುತ್ತದೆ. ಬಾನಿ ಖಾಲಿ ಮಾಡಲು ಒಂದು ಇಂಚಿನ ಪೈಪ್ ಬೇರೆಯೇ ಇರಲಿ, ಹೊರಕ್ಕೆ ಇಳಿಜಾರಾಗಿ. ಪಂಪಿನ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಬೇಕೇ ಬೇಕು. ನೀರಿನಲ್ಲಿ ಕೈ ಅದ್ದುವ ಜಾಗ ಇದು.

ಕಾಂಕ್ರೀಟಿಗೆ ಎರಡು ಮೂರು ದಿನ ನೀರುಣಿಸಿದ ಮೇಲೆ ಕಲ್ಲಿನ ಕೆಲಸ. ಸುತ್ತ 9 ಇಂಚಿನ ಗೋಡೆ, ನಡುವೆ ಜಲ್ಲಿ ತುಂಬಿ ದಮ್ಮಸು. ಗಾರೆ 1:4 (ಒಂದು ಪಾಲು ಸಿಮೆಂಟ್, ನಾಲ್ಕು ಮರಳು), ಸಿಮೆಂಟ್ ಸುಮಾರು ಒಂದು ಚೀಲ. ಕಲ್ಲನ್ನು ಲೆಕ್ಕಕ್ಕಿಂತ ಹತ್ತರಲ್ಲೊಂದು ಪಾಲು ಹೆಚ್ಚು ತರಿಸಿ. ಸುತ್ತಿಗೆಯಿಂದ ತಟ್ಟಿದರೆ ಒಳ್ಳೆಯ ಕಲ್ಲು ಠಣ್ಣೆನ್ನುತ್ತದೆ. ಡಬ್ ಎಂದದ್ದರಲ್ಲಿ ಬಿರುಕು ಇರುವ ಸಾಧ್ಯತೆ ಹೆಚ್ಚು, ಅದನ್ನು ಒಡೆದು ಚಕ್ಕೆ ಮಾಡಿಕೊಳ್ಳಿ. ಕೂರಿಸುವ ಮುನ್ನ ಕಲ್ಲು ಒದ್ದೆಯಾಗಿರಲಿ. ಗಾರೆ ಇಲ್ಲದೆ ಒಮ್ಮೆ ಇಟ್ಟು, ಎದುರುಬದುರು ಮೂಲೆಗಳ ಮೇಲೆ ಅಂಗೈ ಒತ್ತಿ ನೋಡಿ. ಅಲುಗಾಡಿದರೆ ಕಲ್ಲು ತಿರುಗಿಸಿ, ಇಲ್ಲವೇ ಅಡಿಗೆ ಚಕ್ಕೆ ಕೊಡಿ. ಗಾರೆ ದಪ್ಪ ಮಾಡಿ ಆ ಸಂದು ಮುಚ್ಚುವುದು ಸುಲಭ, ಆದರೆ ಅದು ಕುಗ್ಗಿ ಬಿರುಕು ಬಿಡುತ್ತದೆ. ಕೆಳಸಾಲಿನ ಸಂದಿನ ಮೇಲೆ ಮೇಲುಸಾಲಿನ ಸಂದು ಬರಕೂಡದು.

ಕೆಳಗಿನ ಸಾಲಿನಲ್ಲಿ ನಾಲ್ಕೂ ಬದಿ ಬೆರಳಗಲದ ಒಂದೊಂದು ಸಂದು ಗಾರೆಯಿಲ್ಲದೆ ಬಿಡಿ. ಮಳೆನೀರು ಹೇಗೂ ಒಳಗಿಳಿಯುತ್ತದೆ. ಹೊರದಾರಿ ಇಲ್ಲದಿದ್ದರೆ ಗೋಡೆಯ ಮೂಲಕವೇ ಜಿನುಗಿ, ಕಲ್ಲಿನ ಮೇಲೆ ಬಿಳಿ ಉಪ್ಪು ಮೂಡಿ, ತೊಳೆದಷ್ಟೂ ಮತ್ತೆ ಬರುತ್ತದೆ.

ಮೇಲೆ 2 ಇಂಚಿನ ಚಪ್ಪಡಿ, ಗೋಡೆಯಿಂದ ಒಂದೂವರೆ ಇಂಚು ಹೊರಕ್ಕೆ ಚಾಚಿರಲಿ. ಆ ಚಾಚಿನ ಅಡಿಯಲ್ಲಿ ಗ್ರೈಂಡರ್‌ನಿಂದ ಉದ್ದಕ್ಕೂ ಒಂದು ಗೀರು ಎಳೆದರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಗೋಡೆಗೆ ಹರಿಯುವುದಿಲ್ಲ. ಅಡಿಗೆ ಗಾರೆ ಪೂರ್ತಿ ಹರಡಿ. ನಾಲ್ಕು ಮೂಲೆಗೆ ಉಂಡೆ ಇಟ್ಟು ಕೂರಿಸಿದ ಚಪ್ಪಡಿ ಬಾನಿಯ ಭಾರಕ್ಕೆ ನಡುವೆ ಸೀಳುತ್ತದೆ. ಪೈಪಿನ ತುದಿ ಚಪ್ಪಡಿಯ ಮೇಲೆ ಏಳಬಾರದು, ಎದ್ದರೆ ಬಾನಿ ಅದರ ಮೇಲೇ ಕೂರುತ್ತದೆ. ಏಳು ದಿನ ನೀರುಣಿಸಿ.

ಬಾನಿಯನ್ನು ಗಾರೆ ಹಾಕಿ ಅಂಟಿಸುವ ಆತುರ ಬೇಡ. ಮೂರು ಕಡೆ ಪ್ಲಾಸ್ಟಿಕ್ ಬೆಣೆ ಕೊಟ್ಟು ಇಟ್ಟು, ನೀರು ತುಂಬಿಸಿ ಪಂಪ್ ಓಡಿಸಿ. ರಸಮಟ್ಟ ಸರಿ ಇದೆ ಎಂದರೂ ಬಾನಿಯ ಅಂಚೇ ಡೊಂಕಿರಬಹುದು. ಅಂಚಿನ ಮೇಲೆ ಹರಿಯುವ ನೀರನ್ನೇ ನಂಬಿ. ಸುತ್ತಲೂ ಸಮವಾಗಿ ಇಳಿಯುವವರೆಗೆ ಬೆಣೆ ಸರಿಸಿ. ಚಿಮ್ಮಿದ ನೀರು ಹೊರಗೆ ಬೀಳುತ್ತಿದ್ದರೆ ಧಾರೆಯ ಎತ್ತರ ತಗ್ಗಿಸಿ: 3 ಅಡಿಯ ಬಾನಿಗೆ ಒಂದೂವರೆ ಅಡಿ ದಾಟದಿದ್ದರೆ ಒಳ್ಳೆಯದು, ಗಾಳಿ ಇರುವಲ್ಲಿ ಇನ್ನೂ ಕಡಿಮೆ.

ಮೀನು ಬಿಡುವುದಿದ್ದರೆ ಕಾಯಿರಿ. ಹೊಸ ಗಾರೆಗೆ ತಾಗಿದ ನೀರು ಅದರ ಸುಣ್ಣ ಎಳೆದುಕೊಂಡು ಕ್ಷಾರವಾಗುತ್ತದೆ. ನಾಲ್ಕಾರು ಸಲ ನೀರು ಬದಲಿಸಿ, ಕ್ಷಾರ ಎಷ್ಟಿದೆ ಎಂದು ತೋರಿಸುವ ಪಿಎಚ್ ಪಟ್ಟಿಯಲ್ಲಿ ನೋಡಿ ಆಮೇಲೆ ಬಿಡಿ.

ಮೊದಲ ಮಳೆಗಾಲ ಮುಗಿದ ಮೇಲೆ ಒಂದು ಬದಿ ಎರಡು ಮಿ.ಮೀ. ಇಳಿದಿದ್ದರೆ ಕಟ್ಟೆಗೆ ಕೈ ಹಾಕಬೇಡಿ. ಬಾನಿ ಖಾಲಿ ಮಾಡಿ, ಆ ಬದಿಯ ಬೆಣೆ ಬದಲಿಸಿ. ಅದಕ್ಕೇ ಅಂಟಿಸಬೇಡಿ ಎಂದದ್ದು.