ದಂಬೆಯ ಕಸ ತೆಗೆಸಲು ಮಳೆ ನಕ್ಷತ್ರ ನೋಡಿ

ಹಂಚಿನ ಮನೆಯ ಸೂರಿಗೆ ದಂಬೆ, ಅಂದರೆ ಛಾವಣಿಯ ಮಳೆನೀರು ಹಿಡಿದು ಪೈಪಿಗೆ ಬಿಡುವ ದೋಣಿ, ಕೂರಿಸಿಕೊಟ್ಟ ಮೇಲೆ ಮನೆಯವರು ಕೇಳುವ ಮೊದಲ ಪ್ರಶ್ನೆ, "ವರ್ಷಕ್ಕೆ ಎಷ್ಟು ಸಲ ಕ್ಲೀನ್ ಮಾಡಿಸಬೇಕು?" ಮಲೆನಾಡು, ಕರಾವಳಿಗೆ ನಮ್ಮ ಲೆಕ್ಕ ಮೂರು ಸಲ. ಯಾವ ಮೂರು ಅನ್ನುವುದರಲ್ಲೇ ಇರುವುದು ವಿಷಯ. ದೀಪಾವಳಿಗೆ ಸುಣ್ಣಬಣ್ಣ ಮಾಡಿಸುವಾಗ ಒಮ್ಮೆ ತೆಗೆಸಿ ಸುಮ್ಮನಾದರೆ, ಆಮೇಲೆ ಬೇಸಿಗೆಯಿಡೀ ಉದುರುವ ದರಗು (ಒಣಗಿದ ಎಲೆ) ಅಲ್ಲೇ ಕೂತು ಮುಂದಿನ ಮಳೆಗೆ ಕಾಯುತ್ತದೆ.

ಮೊದಲನೆಯದು ರೋಹಿಣಿ ಮಳೆಗೆ ಮುಂಚೆ, ಅಂದರೆ ಮೇ 20ರ ಒಳಗೆ. ಎರಡನೆಯದು ಆರಿದ್ರಾ ಹಿಡಿಯುವ ಹೊತ್ತಿಗೆ, ಜೂನ್ 20ರ ಆಸುಪಾಸು. ಎಲ್ಲರೂ ಬಿಡುವುದು ಇದನ್ನೇ. ಹಂಚಿನ ಮೇಲೆ ಒಣಗಿ ಹೊಪ್ಪಳಿಕೆ ಎದ್ದ ಪಾಚಿ, ಧೂಳು, ಹಂಚಿನ ಪುಡಿ, ಸಣ್ಣ ಕಡ್ಡಿ ಎಲ್ಲವೂ ಮೃಗಶಿರ ಮಳೆಗೆ ಒಟ್ಟಿಗೇ ಜಾರಿ ಬರುತ್ತವೆ. ಮೇ ತಿಂಗಳಲ್ಲಿ ಬೋಳು ಮಾಡಿದ ದಂಬೆಯಲ್ಲೂ ಆಗ ಎರಡು ಬೆರಳು ಕೆಸರು ನಿಂತಿರುವುದುಂಟು. ಮೂರನೆಯದು ಸ್ವಾತಿ ಮಳೆ ಮುಗಿದ ಮೇಲೆ, ನವೆಂಬರಿನಲ್ಲಿ. ಇದು ತಗಡಿನ ದಂಬೆಯ ಆಯುಸ್ಸಿಗಾಗಿ: ಒದ್ದೆ ದರಗು ಕೂತ ಜಾಗದಲ್ಲೇ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡು ತುಕ್ಕು ಹಿಡಿದು ತೂತು ಬೀಳುತ್ತದೆ.

ಮಾಡಿನ ಮೇಲೆ ಮರ ಬಾಗಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಮಳೆಗಾಲದಲ್ಲಿ 15 ದಿನಕ್ಕೊಮ್ಮೆ ನೋಡಲೇಬೇಕು. ಹಲಸಿನ ಎಲೆ ದೊಡ್ಡದು, ಮೇಲೇ ಕಾಣುತ್ತದೆ, ಕೈಯಲ್ಲಿ ಎತ್ತಿ ಬಿಸಾಡಬಹುದು. ಗಾಳಿಮರದ ಸೂಜಿಯೆಲೆ, ಗುಲ್‌ಮೊಹರ್‌ನ ಪುಡಿ ಎಲೆ, ಬಿದಿರೆಲೆ ಹಾಗಲ್ಲ. ಹೆಣೆದುಕೊಂಡು ಚಾಪೆಯಾಗಿ ಪೈಪಿನ ಬಾಯಿಗೆ ಕೂರುತ್ತವೆ. ಮೇಲೆ ಜಾಲರಿ ಹಾಕಿಸಿದ್ದೇವೆ, ಇನ್ನು ತೊಂದರೆಯಿಲ್ಲ ಅನ್ನುವವರಿದ್ದಾರೆ. ಅರ್ಧ ಇಂಚಿನ ಜಾಲರಿಯಲ್ಲಿ ಸೂಜಿಯೆಲೆ ಸಲೀಸಾಗಿ ಇಳಿಯುತ್ತದೆ. ದೊಡ್ಡ ಎಲೆ ಜಾಲರಿ ಮೇಲೇ ಮುಚ್ಚಳದ ಹಾಗೆ ಕೂತು ನೀರನ್ನು ಅಂಗಳಕ್ಕೆ ಹಾರಿಸುತ್ತದೆ. ದಂಬೆಗೆಲ್ಲ ಜಾಲರಿ ಹೊದಿಸುವುದಕ್ಕಿಂತ ಪೈಪಿನ ಬಾಯಿಗೆ ತಂತಿಯ ಬುಟ್ಟಿ ಇಡುವುದು ವಾಸಿ.

ಕಟ್ಟಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಸ್ವಲ್ಪ ಲೆಕ್ಕ. 100 ಚದರ ಮೀಟರ್ ಮಾಡಿನ ಮೇಲೆ ಗಂಟೆಗೆ 50 ಮಿಲಿಮೀಟರ್ ಮಳೆ ಹೊಯ್ದರೆ 5,000 ಲೀಟರ್, ಅಂದರೆ ನಿಮಿಷಕ್ಕೆ 83 ಲೀಟರ್ ನೀರು. ಆರು ಇಂಚಿನ ಅರೆದುಂಡು ದಂಬೆ ಭರ್ತಿ ತುಂಬಿ ನಿಂತರೆ 6 ಮೀಟರ್ ಉದ್ದಕ್ಕೆ 50 ಕಿಲೋ ದಾಟುತ್ತದೆ, ಕೆಸರಿನ ಭಾರ ಬೇರೆ. ಕ್ಲ್ಯಾಂಪುಗಳನ್ನು ಎರಡು ಅಡಿಗೊಂದರಂತೆ ಹೊಡೆಯದೆ ನಾಲ್ಕು ಅಡಿಗೊಂದು ಹೊಡೆದಿದ್ದರೆ ನಡುವೆ ಜೋತು ಬೀಳುತ್ತದೆ. ಜೋತ ಕಡೆ ನೀರು ನಿಲ್ಲುತ್ತದೆ, ನಿಂತ ನೀರಿನಲ್ಲಿ ವಾರ ಹತ್ತು ದಿನಕ್ಕೆ ಸೊಳ್ಳೆ ಏಳುತ್ತದೆ.

ಏಣಿ ಹತ್ತುವ ಮೊದಲು ಮಳೆ ಬರುವಾಗ ಜಗಲಿಯಲ್ಲಿ ನಿಂತು ನೋಡಿ. ನೀರು ದಂಬೆಯ ಪೈಪಿನ ಕಡೆಯ ತುದಿಯಲ್ಲೇ ಉಕ್ಕಿದರೆ ಪೈಪು ಕಟ್ಟಿದೆ. ನಡುವೆ ಉಕ್ಕಿದರೆ ದಂಬೆ ಜೋತಿದೆ, ಅಥವಾ ಅಲ್ಲೇ ಕಸ ಅಡ್ಡ ಕೂತಿದೆ. ಮಳೆ ನಿಂತ ಮೇಲೂ ಒಂದೇ ಕಡೆ ತೊಟ್ಟಿಕ್ಕಿದರೆ ಜಾಯಿಂಟು ಬಿಟ್ಟಿದೆ. ದಂಬೆಯ ಹಿಂದಿನಿಂದ ಗೋಡೆಗೆ ಇಳಿದರೆ ಎಷ್ಟು ಕ್ಲೀನ್ ಮಾಡಿಸಿದರೂ ಪ್ರಯೋಜನವಿಲ್ಲ. ಕಡೆಯ ಸಾಲಿನ ಹಂಚು ದಂಬೆಯೊಳಗೆ ಎರಡು ಇಂಚಾದರೂ ಚಾಚಿಲ್ಲ ಅಂತ ಅರ್ಥ.

ಕೆಲಸ ಶುರು ಮಾಡುವುದು ಪೈಪಿನ ಕಡೆಯಿಂದ. ಮೊದಲು ಪೈಪಿನ ಬಾಯಿಗೆ ಹಳೇ ಬಟ್ಟೆ ತುರುಕಿ, ಇಲ್ಲದಿದ್ದರೆ ಕೆರೆದ ಕಸವೆಲ್ಲ ಅದರೊಳಗೇ ಹೋಗುತ್ತದೆ. ಕೆರೆಯಲು ಇಂಜಿನ್ ಆಯಿಲ್ ಡಬ್ಬಿಯನ್ನು ಓರೆಯಾಗಿ ಕತ್ತರಿಸಿದರೆ ಅದಕ್ಕಿಂತ ಒಳ್ಳೇ ಸೌಟಿಲ್ಲ, ದಂಬೆಯ ಬಾಗಿಗೆ ಬಗ್ಗುತ್ತದೆ. ಕತ್ತಿ, ಕರಣೆ ಬೇಡ, ತಗಡಿನ ಸತುವಿನ ಲೇಪ ಕಿತ್ತುಬರುತ್ತದೆ. ಕಸ ಪೂರ್ತಿ ಒಣಗಿದಾಗಲೂ ಬೇಡ, ಪೂರ್ತಿ ಒದ್ದೆಯಿದ್ದಾಗಲೂ ಬೇಡ. ಮಳೆ ಬಿಟ್ಟ ಎರಡನೇ ದಿನ ಸರಿಯಾದ ಹದ. ಆಮೇಲೆ ಬಟ್ಟೆ ತೆಗೆದು, ಆಚೆ ತುದಿಯಿಂದ ಎರಡು ಕೊಡ ನೀರು ಹೊಯ್ಯಿರಿ. ಕೆಳಗೆ ಅಷ್ಟೇ ರಭಸದಲ್ಲಿ ಬರದಿದ್ದರೆ ಬಾಯಿಯ ಕೆಳಗಿನ ಮೊದಲ ಬೆಂಡ್ ಬಿಚ್ಚಿ. ಹತ್ತರಲ್ಲಿ ಎಂಟು ಸಲ ಅಲ್ಲೇ ಕಟ್ಟಿರುತ್ತದೆ, ತೆಂಗಿನ ನಾರು ಸುತ್ತಿದ ಅಳಿಲಿನ ಗೂಡೂ ಸಿಗುತ್ತದೆ. ಮೇಲಿಂದ ಕೋಲು ಹಾಕಿ ಜಡಿದರೆ ಗಟ್ಟಿಯಾಗಿ ಕೂರುತ್ತದೆ ಅಷ್ಟೇ.

ಏಣಿಯನ್ನು ಪಿವಿಸಿ ದಂಬೆಗೆ ಒರಗಿಸಲೇಬೇಡಿ, ಗೋಡೆಗೆ ಅಥವಾ ಮಾಡಿನ ಮರದ ಪಕಾಸಿಗೆ ಒರಗಿಸಿ. 12 ಅಡಿ ಎತ್ತರಕ್ಕೆ ಬುಡ ಗೋಡೆಯಿಂದ 3 ಅಡಿ ಆಚೆ ಇರಲಿ, ಕೆಳಗೆ ಒಬ್ಬರು ಹಿಡಿದಿರಲಿ. ಕರೆಂಟಿನ ಸರ್ವಿಸ್ ವೈರ್ ಸೂರಿನ ಹತ್ತಿರ ಹಾದಿದ್ದರೆ ಅಲ್ಯೂಮಿನಿಯಂ ಏಣಿ ಒಯ್ಯಬೇಡಿ. ಪಾಚಿ ಹಿಡಿದ ಹಂಚಿನ ಮೇಲೆ, ಸಿಮೆಂಟ್ ಶೀಟಿನ ಮೇಲೆ ಕಾಲಿಡುವ ಯೋಚನೆಯೇ ಬೇಡ.

ಬೆಂಗಳೂರಿನ ಲೆಕ್ಕ ಬೇರೆ. ಅಲ್ಲಿ ಜೋರು ಮಳೆ ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರಿನಲ್ಲೊಮ್ಮೆ. ಹಾಗಾಗಿ ತಾರಸಿಯ ಪೈಪ್ ಬಾಯಿಗಳನ್ನು ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ಕೊನೆಗೆ ಕ್ಲೀನ್ ಮಾಡಿಸಿದರೆ ಸಾಕು. ಮಳೆನೀರು ಸಂಪಿಗೆ ಬಿಡುವವರು ಫಿಲ್ಟರನ್ನೂ ಅದೇ ದಿನ ಬಿಚ್ಚಿ ತೊಳೆಯಿರಿ, ಮೊದಲ ಮಳೆಯ ನೀರನ್ನು ಹೊರಗೆ ಬಿಡಿ.