ಹಿನ್ನೀರಿನ ದಡದಲ್ಲಿ ಅಪ್ಪನಿಗೊಂದು ನೆರಳು

ಫೆಬ್ರವರಿ, ಎರಡನೇ ಭಾನುವಾರ

ಹೇಮಾವತಿ ಹಿನ್ನೀರು ಇಳಿಯುತ್ತಿದೆ. ಶೆಟ್ಟಿಹಳ್ಳಿಯ ಮುರುಕು ಚರ್ಚಿನ ಸುತ್ತ ಈಗ ನಡೆದುಕೊಂಡೇ ಓಡಾಡಬಹುದು. ಫೋಟೋ ತೆಗೆಯುವವರಿಗೆ ಖುಷಿ. ಗಾಳ ಹಾಕುವ ನಮಗೆ ಮಾತ್ರ ಇನ್ನು ಮಳೆಗಾಲದವರೆಗೆ ಒಂದೇ ಗೋಳು, ನೆರಳಿಲ್ಲ. ಮರಗಳೆಲ್ಲ ಮಳೆಗಾಲದ ದಡದಲ್ಲೇ ನಿಂತುಬಿಡುತ್ತವೆ. ನೀರು ಅಲ್ಲಿಂದ ಅರ್ಧ ಕಿಲೋಮೀಟರ್ ಕೆಳಗೆ ಹೋಗಿರುತ್ತೆ. ನಡುವೆ ಬರೀ ಒಣಗಿದ ಗೋಡುಮಣ್ಣು.

ಹೋದ ವರ್ಷ ಹನ್ನೊಂದು ಗಂಟೆಗೇ ಅಪ್ಪ "ತಲೆ ಸುತ್ತುತ್ತೆ ಕಣೋ" ಅಂದಿದ್ದರು. ಅವತ್ತು ಗಾಳ ಸುತ್ತಿಕೊಂಡು ವಾಪಸ್. ಅವರಿಗೀಗ ಎಪ್ಪತ್ತೆರಡು, ಎರಡೂ ಮಂಡಿ ನೋವು. ಆದರೂ ಭಾನುವಾರ ಬಂತೆಂದರೆ ಎರೆಹುಳು ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ನೆರಳಿಗೆ ಏನಾದರೂ ಮಾಡದೆ ಕರೆದುಕೊಂಡು ಹೋಗಬೇಡ ಅಂತ ಈ ಸಲ ಅಮ್ಮನ ಕಟ್ಟಪ್ಪಣೆ.

ಬೇಕಿರುವುದು ಇಷ್ಟೇ. ಹೊತ್ತುಕೊಂಡು ಹೋಗುವುದೂ ನಾನೇ, ನಿಲ್ಲಿಸುವುದೂ ನಾನೇ. ಎರಡು ಕುರ್ಚಿ ಹಿಡಿಯಬೇಕು. ಕೂತಲ್ಲಿಂದಲೇ ನೀರಿನ ಮೇಲೆ ತೇಲುವ ಗಾಳದ ಬೆಂಡು ಕಾಣಬೇಕು. ರಾತ್ರಿ ಉಳಿಯುವ ಮಾತಿಲ್ಲ, ಹಾಗಾಗಿ ತಳ, ಜಿಪ್ಪು, ಸೊಳ್ಳೆಪರದೆ ಯಾವುದೂ ಬೇಡ.

ಮಾರ್ಚ್, ಮೊದಲ ವಾರ

ಎಳನೀರು ಗಾಡಿಯವರು ಇಟ್ಟುಕೊಳ್ಳುತ್ತಾರಲ್ಲ, ಆ ದೊಡ್ಡ ಛತ್ರಿ. ಪರಿಚಯದವರ ಹತ್ತಿರ ಒಂದು ದಿನಕ್ಕೆ ಕೇಳಿ ತಂದೆ. ನಿಲ್ಲಿಸೋಕೆ ಎರಡೇ ನಿಮಿಷ. ಮಧ್ಯಾಹ್ನದವರೆಗೆ ಅಪ್ಪ ರಾಜನ ಹಾಗೆ ಕೂತಿದ್ದರು.

ಆಮೇಲೆ ನೆರಳು ನಡೆಯೋಕೆ ಶುರುವಾಯಿತು. ಸಂಜೆ ನಾಲ್ಕಕ್ಕೆ ಛತ್ರಿ ಒಂದು ಕಡೆ, ಅದರ ನೆರಳು ಹತ್ತಡಿ ಆಚೆ. ಅಪ್ಪ ಕುರ್ಚಿ ಎತ್ತಿಕೊಂಡು ನೆರಳಿನ ಹಿಂದೆ ಹೋದರು, ಗಾಳದ ಕೋಲು ಇದ್ದಲ್ಲೇ ಇತ್ತು. ಅಷ್ಟರಲ್ಲಿ ಬೆಂಡು ಎರಡು ಸಲ ಮುಳುಗಿ ಎದ್ದಿತ್ತು. ಪಕ್ಕಕ್ಕೆ ಬಟ್ಟೆ ಇಲ್ಲದ ನೆರಳು ನಮ್ಮ ಕೆಲಸಕ್ಕೆ ಬರಲ್ಲ ಅಂತ ಅವತ್ತೇ ಗೊತ್ತಾಯಿತು.

ಮಾರ್ಚ್ ಕೊನೆ

ಮನೆಯಲ್ಲಿ ಆಲೂಗಡ್ಡೆ ರಾಶಿಗೆ ಹೊದಿಸುವ ನೀಲಿ ಟಾರ್ಪಾಲು ಇತ್ತು. ಖರ್ಚಿಲ್ಲ ಅಲ್ವಾ ಅಂತ ನಾಲ್ಕು ಬಿದಿರು ಗಳ, ಹಗ್ಗ ಕಟ್ಟಿಕೊಂಡು ಹೊರಟೆ. ಒಂದು ಗಳ ನಿಲ್ಲಿಸಿ ಇನ್ನೊಂದಕ್ಕೆ ಹೋದರೆ ಮೊದಲನೆಯದು ಮಲಗುತ್ತೆ. ಕೊನೆಗೆ ಅಪ್ಪನೇ ಎದ್ದು ಬಂದು ಒಂದು ಗಳ ಹಿಡಿದು ನಿಂತರು. ಯಾವುದು ಆಗಬಾರದು ಅಂದುಕೊಂಡಿದ್ದೆನೋ ಅದೇ ಆಯಿತು. ಮುಕ್ಕಾಲು ಗಂಟೆ ಹಿಡಿಯಿತು. ಬಲೆ ಬಿಡಿಸುತ್ತಿದ್ದ ಊರಿನವರೊಬ್ಬರು "ಏನ್ ಸಾರ್, ಮದ್ವೆ ಚಪ್ರಾನಾ?" ಅಂದರು. ಗಾಳಿಗೆ ಟಾರ್ಪಾಲು ದಿನವಿಡೀ ಪಟಪಟ ಬಡಿದುಕೊಳ್ಳುತ್ತಿತ್ತು.

ಏಪ್ರಿಲ್, ನಡು ವಾರ

ಎಸೆದರೆ ತಾನೇ ಬಿಚ್ಚಿಕೊಳ್ಳುವ ಪಾಪ್‌ಅಪ್ ಟೆಂಟು. ಆನ್‌ಲೈನಲ್ಲಿ ತರಿಸಿದೆ. ನಿಜವಾಗಲೂ ಎರಡು ಸೆಕೆಂಡು! ಅಪ್ಪ ಚಪ್ಪಾಳೆ ತಟ್ಟಿದರು.

ತೊಂದರೆ ಮೂರು. ಬಿಸಿಲು ನೆತ್ತಿಗೆ ಬರುವ ತಿಂಗಳು ಇದು. ಏಪ್ರಿಲ್ 24-25ರ ಹೊತ್ತಿಗೆ ನಮ್ಮ ಕಡೆ ಮಧ್ಯಾಹ್ನ ಸ್ವಲ್ಪ ಹೊತ್ತು ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರಲ್ಲ. ಮೂರು ಕಡೆ ಮುಚ್ಚಿದ ಗೂಡಿನೊಳಗೆ ಕೂತರೆ ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ. ಎರಡನೆಯದು ಜಾಸ್ತಿ ಹೊಟ್ಟೆ ಉರಿಸಿತು. ಬೆಂಡು ಸರಕ್ಕನೆ ಒಳಗೆ ಹೋಯಿತು. ಅಪ್ಪ ಕೂತಲ್ಲಿಂದಲೇ ಕೋಲು ಎತ್ತಿದರು. ಕೋಲಿನ ನಡುಭಾಗ ಟೆಂಟಿನ ಬಾಗಿಲ ಕಮಾನಿಗೆ ತಾಗಿ ಅಲ್ಲೇ ನಿಂತಿತು. ದಾರ ಸಡಿಲವಾಯಿತು. ಒಂದು ಕ್ಷಣ ನೀರಿನ ಮೇಲೆ ಗೆಂಡೆಯ ಬೆನ್ನು ಕಂಡಿತು, ಹೊಂಬಣ್ಣ, ಒಳ್ಳೇ ಎರಡು ಕೆಜಿ ಇದ್ದೀತು. ಅಷ್ಟೇ. ಅಪ್ಪ ಏನೂ ಅನ್ನಲಿಲ್ಲ, ಕಮಾನನ್ನೇ ನೋಡುತ್ತಿದ್ದರು.

ಮೂರನೆಯದು ಮಡಚುವುದು. ತಂತಿಯನ್ನು ಎಂಟರ ಆಕಾರಕ್ಕೆ ತಿರುಚಿ ಒಂದರ ಮೇಲೊಂದು ಕೂರಿಸಬೇಕು. ವಿಡಿಯೋದಲ್ಲಿ ಹುಡುಗಿಯೊಬ್ಬಳು ನಗುನಗುತ್ತಾ ಮಾಡುತ್ತಾಳೆ. ನಾನು ಅರ್ಧ ಗಂಟೆ ಕುಸ್ತಿ ಮಾಡಿದೆ, ಕತ್ತಲಾಯಿತು, ಹಾಗೇ ಕಾರಿನ ಹಿಂದಿನ ಸೀಟಿಗೆ ತುರುಕಿದೆ. ದಾರಿಯುದ್ದಕ್ಕೂ ಅಪ್ಪ ಅದನ್ನು ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡೇ ಬಂದರು.

ಮೇ, ಮೊದಲ ವಾರ

ಈಗ ತಂದಿರುವುದು ಅರ್ಧ ಛತ್ರಿ, ಅರ್ಧ ಗುಡಿಸಲು. ಇಂಗ್ಲೆಂಡಿನಲ್ಲಿ ಗೆಂಡೆ ಹಿಡಿಯುವವರು ಬ್ರಾಲಿ ಅನ್ನುತ್ತಾರೆ. ಛತ್ರಿಯ ಹಾಗೇ ಬಿಚ್ಚುತ್ತೆ, ಅದನ್ನು ಗಾಳಿ ಬರುವ ಕಡೆಗೆ ವಾಲಿಸಬೇಕು, ಬೆನ್ನು ಮತ್ತು ಎರಡೂ ಬದಿಗೆ ಬಟ್ಟೆ ನೆಲದವರೆಗೆ ಇಳಿಯುತ್ತೆ. ಮುಂದೆ ಪೂರ್ತಿ ಬಯಲು. ಹಿಂದಿನ ಬಟ್ಟೆಯನ್ನು ಒಂದು ಗೇಣು ಎತ್ತಿ ಕಟ್ಟಿದರೆ ಗಾಳಿ ಆಡುತ್ತೆ.

ಕೊಳ್ಳುವವರಿಗೆ ಎರಡು ಮಾತು. 50 ಇಂಚು ಅಂತ ಬರೆದಿದ್ದರೆ ಅದು ಒಂದು ಕಡ್ಡಿಯ ಉದ್ದ, ಅಗಲ ಹೆಚ್ಚುಕಮ್ಮಿ ಅದರ ಎರಡರಷ್ಟು. ನಾನು ಮೊದಲು ಇಷ್ಟು ಚಿಕ್ಕದಾ ಅಂತ ಬಿಟ್ಟುಬಿಟ್ಟಿದ್ದೆ. ಇನ್ನು 2000 ಎಂ.ಎಂ., 5000 ಎಂ.ಎಂ. ಅಂತ ಇರುತ್ತಲ್ಲ, ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರು ನಿಂತರೂ ಸೋರಲ್ಲ ಅಂತ ಅರ್ಥ. 2000 ಅಂದರೆ ಎರಡು ಮೀಟರ್ ನೀರು, ಹಗಲಿನ ಮಟ್ಟಿಗೆ ಧಾರಾಳ ಸಾಕು. ಸೋರಿದರೆ ಹೊಲಿಗೆಯಲ್ಲಿ ಸೋರುತ್ತೆ. ಒಳಗಡೆ ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿದ್ದಾರಾ ನೋಡಿ.

ಜೊತೆಗೆ ಬಂದ ಗೂಟಗಳು ಮಾತ್ರ ದಂಡ. ಗೋಡುಮಣ್ಣು ಮೇಲೆ ಇಟ್ಟಿಗೆ, ಕೆಳಗೆ ಬೆಣ್ಣೆ. ಮೇಲ್ಪದರಕ್ಕೆ ಹೊಡೆದರೆ ತಂತಿ ಬಾಗುತ್ತೆ, ಅದನ್ನು ದಾಟಿತೋ, ಹಿಡಿತವೇ ಇಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ 10 ಎಂ.ಎಂ. ಸರಳನ್ನು ಒಂದೂವರೆ ಅಡಿಗೆ ಕತ್ತರಿಸಿ, ತುದಿ ಬಗ್ಗಿಸಿಕೊಂಡು ಬಂದೆ, ಆರು. ನೀರಿನ ಹತ್ತಿರ ಅದೂ ನಿಲ್ಲಲ್ಲ. ಅಲ್ಲಿ ಗೊಬ್ಬರದ ಖಾಲಿ ಚೀಲಕ್ಕೆ ಮಣ್ಣು ತುಂಬಿ, ಹಗ್ಗ ಕಟ್ಟಿ, ಮೊಣಕಾಲುದ್ದ ಗುಂಡಿಯಲ್ಲಿ ಹೂತರೆ ಎಮ್ಮೆ ಎಳೆದರೂ ಬರಲ್ಲ.

ಮೇ 25

ಇವತ್ತು ಅದರ ಪರೀಕ್ಷೆ ಆಯಿತು. ಮೂರೂವರೆ ಇರಬೇಕು. ಸಕಲೇಶಪುರದ ಕಡೆ ಆಕಾಶ ಕಪ್ಪಾಯಿತು. ಮೊದಲು ಗಾಳಿ ಪೂರ್ತಿ ನಿಂತುಹೋಯಿತು. ಆಮೇಲೆ ಒಂದೇ ಸಲ ನುಗ್ಗಿತು. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತೆ ಅಂತ ಓದಿದ್ದೆ. ಇವತ್ತು ಹಗ್ಗ ಹಿಡಿದ ಕೈಗೆ ತಿಳಿಯಿತು. ದೂರದಲ್ಲಿ ಗುಡುಗು. ಬಟಾಬಯಲಲ್ಲಿ ಲೋಹದ ದಂಡದ ಕೆಳಗೆ, ಕೈಯಲ್ಲಿ ಕರೆಂಟು ಹರಿಯುವ ಕಾರ್ಬನ್ ಕೋಲು ಹಿಡಿದು ಕೂರುವುದು ಹುಚ್ಚುತನ. ಅಪ್ಪನನ್ನು ಮೊದಲೇ ಕಾರಿನ ಕಡೆ ಕಳಿಸಿದೆ. ಹಗ್ಗ ಬಿಚ್ಚಿ ಛತ್ರಿಯ ಗುಂಡಿ ಒತ್ತಿದೆ, ಅದು ಕುಸಿದು ಮಡಚಿಕೊಂಡಿತು. ಕಂಕುಳಲ್ಲಿಟ್ಟು ಓಡಿದೆ. ಒಂದು ನಿಮಿಷ ಆಗಿರಬಹುದು, ಅಷ್ಟೇ. ಇದೇ ಜಾಗದಲ್ಲಿ ಆ ಪಾಪ್‌ಅಪ್ ಇದ್ದಿದ್ದರೆ ಏನಾಗುತ್ತಿತ್ತು ಅಂತ ಓಡುತ್ತಲೇ ಯೋಚಿಸಿದೆ.

ಎಷ್ಟು ಬೇಗ ನಿಲ್ಲುತ್ತೆ ಅಂತಲೇ ಎಲ್ಲರೂ ಮಾರುತ್ತಾರೆ. ನಾನೂ ನಾಲ್ಕು ತಿಂಗಳು ಅದನ್ನೇ ಅಳೆದೆ. ಒಬ್ಬನೇ ಇದ್ದಾಗ, ಗಾಳಿಯಲ್ಲಿ, ಒದ್ದೆ ಕೈಯಲ್ಲಿ ಎಷ್ಟು ಬೇಗ ಇಳಿಯುತ್ತೆ ಅಂತ ಅಂಗಡಿಯಲ್ಲೇ ಕೇಳಬೇಕಿತ್ತು.

ಜೂನ್ ಕೊನೆ

ನಾಲ್ಕು ಭಾನುವಾರದ ಲೆಕ್ಕ: ಗೆಂಡೆ ಮೂರು, ಜಿಲೇಬಿ ಮೀನು ಎಣಿಸಿಲ್ಲ. ಅಪ್ಪ ಈಗ ಸಂಜೆ ಐದಕ್ಕೂ ಏಳಲ್ಲ. ಬಟ್ಟೆಯ ಮೇಲೆ ಕೋಲು ತಾಗಿದ ಗುರುತು ಒಂದೂ ಇಲ್ಲ.

ಮಲೆನಾಡಿನಲ್ಲಿ ಮಳೆ ಹಿಡಿದಿದೆ, ನೀರು ದಿನಾ ಮೇಲೆ ಬರುತ್ತಿದೆ. ಅವತ್ತಿನ ಓಟದಲ್ಲಿ ಎರಡು ಸರಳಿನ ಗೂಟ ಅಲ್ಲೇ ಬಿಟ್ಟುಬಂದಿದ್ದೆ. ಇವತ್ತು ಹೋಗಿ ನೋಡಿದರೆ ಆ ಜಾಗದ ಮೇಲೆ ಆಳೆತ್ತರದ ನೀರು. "ಫೆಬ್ರವರಿಗೆ ಸಿಗುತ್ತೆ ಬಿಡು" ಅಂದರು ಅಪ್ಪ.